ಮುದ್ರೆಯಿಲ್ಲದ ಹಳೆಯ ಬೆಳ್ಳಿ ಪಾತ್ರೆ: ಸವೆದ ಜಾಗ ನೋಡಿ ಲೋಹ ಪತ್ತೆ ಮಾಡುವ ಬಗೆ

ಮೊದಲ ಮಾತು, ತಿಕ್ಕಬೇಡಿ. ಅಟ್ಟದಿಂದ ಇಳಿಸಿದ ಕಪ್ಪು ಹಿಡಿದ ಟೀಪಾಟು, ಟ್ರೇ, ಬಟ್ಟೆಯಲ್ಲಿ ಕಟ್ಟಿಟ್ಟ ಚಮಚಗಳು ಕೈಗೆ ಸಿಕ್ಕ ಕೂಡಲೇ ಹುಣಸೆಹಣ್ಣನ್ನೋ ಬೂದಿಯನ್ನೋ ಹಿತ್ತಾಳೆ ತಿಕ್ಕುವ ಪುಡಿಯನ್ನೋ ಹುಡುಕುವುದು ನಮ್ಮ ಮನೆಗಳ ರೂಢಿ. ಮುದ್ರೆಯಿಲ್ಲದ ಪಾತ್ರೆ ಯಾವ ಲೋಹದ್ದು ಎಂದು ತಿಳಿಸುವುದು ಅದರ ಸವೆದ ಅಂಚು, ಬೆಸುಗೆಯ ಸಂದು, ಮೂಲೆಯಲ್ಲಿ ಕೂತ ಕಿಲುಬು. ತಿಕ್ಕಿದರೆ ಆ ಗುರುತು ಹೋಗುತ್ತದೆ, ಉಳಿದಿದ್ದ ಬೆಳ್ಳಿಯೂ ಅಷ್ಟಿಷ್ಟು ಹೋಗುತ್ತದೆ. ಧೂಳಿದ್ದರೆ ಒಣಗಿದ ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಿ. ಪೂರ್ತಿ ನೋಡಿ ಮುಗಿಯುವವರೆಗೆ ಅಷ್ಟು ಸಾಕು.

ಕೊಡಗಿನಲ್ಲಿ ಇಂಥ ಸಾಮಾನು ಬಂದ ದಾರಿಗಳು ಬೇರೆ ಬೇರೆ. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿ ಬಳಿ ಕಾಫಿ ತೋಟ ತೆರೆದ ಮೇಲೆ ಬಂಗಲೆಗಳ ಊಟದ ಮೇಜಿನ ಸಾಮಾನು ಇಂಗ್ಲೆಂಡಿನಿಂದ ಬರತೊಡಗಿತು. ತೋಟ ಕೈಬದಲಾದಾಗ ಬಂಗಲೆಯ ಜೊತೆಗೆ ಅದೂ ಊರಿನವರ ಮನೆ ಸೇರಿತು. ಸೇನೆಯಲ್ಲಿದ್ದವರು ಹೆಚ್ಚಾಗಿರುವ ಜಿಲ್ಲೆಯಿದು, ಹಾಗಾಗಿ ನಿವೃತ್ತಿಯ ಹೊತ್ತಿಗೆ ರೆಜಿಮೆಂಟಿನವರು ಹೆಸರು ಕೆತ್ತಿಸಿ ಕೊಟ್ಟ ಟ್ರೇ, ಕಪ್ಪುಗಳು ಎಷ್ಟೋ ಮನೆಗಳ ಗಾಜಿನ ಕಪಾಟಿನಲ್ಲಿವೆ. ಇನ್ನು ನಮ್ಮದೇ ಆದದ್ದು ಉಂಟು: ಮದುವೆಯಲ್ಲಿ ವಧೂವರರಿಗೆ ಹಾಲು ಕುಡಿಸುವ ಮೂತಿಯ ಪಾತ್ರೆ ಕಿಂಡಿ, ತಟ್ಟೆ, ಕುಂಕುಮದ ಬಟ್ಟಲು. ಇವು ಮನೆಯ ಬೆಳ್ಳಿಯನ್ನೇ ಕರಗಿಸಿ ಅಕ್ಕಸಾಲಿಗರು ಮಾಡಿಕೊಟ್ಟವು.

ಈ ಕೊನೆಯ ಗುಂಪಿನಿಂದಾಗಿಯೇ ಇಲ್ಲಿ ಗುರುತು ಹಿಡಿಯುವುದು ತೊಡಕಾಗುವುದು. ಇಂಗ್ಲೆಂಡಿನಲ್ಲಿ ನಿಜ ಬೆಳ್ಳಿಗೆ ಮುದ್ರೆ ಒತ್ತುವ ಕಾನೂನು 1300ರಿಂದಲೇ ಇದೆ. ಆದ್ದರಿಂದ ಇಂಗ್ಲಿಷ್ ಮಾದರಿಯ ಪಾತ್ರೆಯಲ್ಲಿ ಸಿಂಹದ ಮುದ್ರೆ ಇಲ್ಲದಿದ್ದರೆ ಅದು ಬೇರೆ ಲೋಹದ ಮೇಲೆ ಬೆಳ್ಳಿಯ ತೆಳು ಪದರ ಕೂರಿಸಿದ, ಲೇಪನದ್ದೇ ಇರಬಹುದು ಎಂದು ಊಹಿಸಬಹುದು. ನಮ್ಮಲ್ಲಿ ಬೆಳ್ಳಿಗೆ ಬಿಐಎಸ್ ಹಾಲ್‌ಮಾರ್ಕ್ ಯೋಜನೆ ಬಂದದ್ದೇ 2005ರಲ್ಲಿ. ಅಜ್ಜಿಯ ಕಾಲದ ಕಿಂಡಿಯಲ್ಲಿ ಮುದ್ರೆ ಇಲ್ಲ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ. ಲೇಪನ ಎಂದುಕೊಂಡು ನಿಜ ಬೆಳ್ಳಿಯನ್ನು ಹಳೇ ಪಾತ್ರೆಯ ಬೆಲೆಗೆ ಕೊಟ್ಟವರಿದ್ದಾರೆ. ಮನೆ ಪಾಲಾಗುವಾಗ ಬೆಳ್ಳಿ ಎಂದು ತೂಗಿ ತೆಗೆದುಕೊಂಡ ಚಮಚದ ಪೆಟ್ಟಿಗೆ ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಆಗಿದ್ದು, ಅದರಿಂದ ಅಣ್ಣ ತಮ್ಮಂದಿರ ನಡುವೆ ಮಾತು ನಿಂತದ್ದೂ ಉಂಟು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮುದ್ರೆ ನಿಜವಾಗಿಯೂ ಇಲ್ಲವೇ?

ಮುದ್ರೆ ಇಲ್ಲ ಎಂದು ತಂದ ಪಾತ್ರೆಯಲ್ಲಿ ಎಷ್ಟೋ ಸಲ ಮುದ್ರೆ ಇರುತ್ತದೆ, ಹಳೆಯ ಪಾಲಿಶ್ ತುಂಬಿಕೊಂಡು ಕಾಣದಾಗಿರುತ್ತದೆ. ಕೋಣೆಯ ದೀಪ ಆರಿಸಿ ಟಾರ್ಚನ್ನು ಪಕ್ಕದಿಂದ, ಪಾತ್ರೆಯ ಮೈಗೆ ಒರಗಿಸಿದಂತೆ ಹಿಡಿದು ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಕಣ್ಣಿಗೆ ತಪ್ಪಿದ್ದು ಕಾಣಬಹುದು. ಚಮಚ, ಫೋರ್ಕುಗಳಲ್ಲಿ ಹಿಡಿಯ ಹಿಂಬದಿ ನೋಡಿ. ಟೀಪಾಟಿನಲ್ಲಿ ತಳ, ಮುಚ್ಚಳದ ಒಳಮೈ, ಕೀಲಿನ ಅಡಿ. ಟ್ರೇಯಲ್ಲಿ ಅಂಚಿನ ಕೆಳಭಾಗ. ಚಾಕುವಿನಲ್ಲಿ ಹಿಡಿಗೆ ಸೇರುವ ಕಡೆ ಅಲಗಿನ ಬುಡ. ಇಪಿಎನ್‌ಎಸ್ ಎಂದಿದ್ದರೆ ಜರ್ಮನ್ ಸಿಲ್ವರ್ ಮೇಲೆ ವಿದ್ಯುತ್ ಲೇಪನ, ಇಪಿಬಿಎಂ ಎಂದಿದ್ದರೆ ಬ್ರಿಟಾನಿಯಾ ಎಂಬ ತವರದ ಮಿಶ್ರಲೋಹದ ಮೇಲೆ ಲೇಪನ. ಅಲ್ಲಿಗೆ ಕೆಲಸ ಮುಗಿಯಿತು. ಬರೀ ಅಂಕಿ ಮಾತ್ರ ಇದ್ದರೆ ಅದು ಸಾಮಾನ್ಯವಾಗಿ ಕಾರ್ಖಾನೆಯ ಮಾದರಿ ಸಂಖ್ಯೆ. ಅದನ್ನು ಇಸವಿ ಎಂದು ಓದಬೇಡಿ.

ಸವೆದ ಜಾಗದ ಬಣ್ಣ

ಏನೂ ಸಿಗಲಿಲ್ಲ ಎಂದಾದರೆ ಪಾತ್ರೆಯನ್ನು ಕಿಟಕಿಯ ಬಳಿ ಹಗಲು ಬೆಳಕಿಗೆ ತನ್ನಿ. ಬಲ್ಬಿನ ಹಳದಿ ಬೆಳಕು ಇಲ್ಲಿ ಮೋಸ ಮಾಡುತ್ತದೆ. ಯಾವ ಪಾತ್ರೆಯೂ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಚಮಚವನ್ನು ಮೇಜಿನ ಮೇಲಿಟ್ಟಾಗ ನೆಲ ಮುಟ್ಟುವ ಬಟ್ಟಲಿನ ಬೆನ್ನು, ಫೋರ್ಕಿನ ಹಲ್ಲುಗಳ ತುದಿ, ಟೀಪಾಟಿನ ಮುಚ್ಚಳದ ಗುಬುಟು, ಹೆಬ್ಬೆರಳು ಒತ್ತುವ ಹಿಡಿಯ ಮೇಲ್ಭಾಗ, ಟ್ರೇಯ ಕಾಲು ಇವೆಲ್ಲ ಮೊದಲು ಸವೆಯುತ್ತವೆ. ನೂರು ವರ್ಷ ಬಳಸಿದ ಚಮಚದ ಬೆನ್ನಿನಲ್ಲಿ ಕಡಲೆ ಗಾತ್ರದ ಒಂದು ಮಚ್ಚೆ ಇದ್ದೇ ಇರುತ್ತದೆ. ಅದರ ಸುತ್ತ ಬೆಳ್ಳಿ ತೆಳುವಾಗುತ್ತಾ ಹೋಗಿ ಮಸುಕಾದ ಅಂಚಿನಲ್ಲಿ ಕೊನೆಯಾಗಿರುತ್ತದೆ. ಆ ಮಚ್ಚೆಯ ಬಣ್ಣವೇ ಉತ್ತರ.

ಮಚ್ಚೆ ಬಿಳುಪಾಗಿದ್ದು ತುಸು ಹಳದಿ ಕಲೆತ ಬೂದು ಬಣ್ಣದ್ದಾದರೆ ಜರ್ಮನ್ ಸಿಲ್ವರ್: ತಾಮ್ರ, ಸತು, ನಿಕ್ಕಲ್ ಸೇರಿದ್ದು, ಬೆಳ್ಳಿ ಒಂದು ಚೂರೂ ಇಲ್ಲ. ನಮ್ಮ ಕಡೆ ಸಿಗುವ ಲೇಪನದ ಚಮಚ, ಫೋರ್ಕುಗಳಲ್ಲಿ ಬಹುಪಾಲು ಇದೇ. ಅಚ್ಚ ಹಳದಿ ಕಂಡರೆ ಹಿತ್ತಾಳೆ. ಕೆಂಪು ಕಂಡರೆ ತಾಮ್ರ. ನೀಲಿ ಛಾಯೆಯ ಮಂಕು ಬೂದು ಬಣ್ಣಕ್ಕೆ ಬ್ರಿಟಾನಿಯಾ. ತುಕ್ಕಿನ ಕಂದು ಬಣ್ಣವಿದ್ದರೆ ಒಳಗೆ ಉಕ್ಕಿದೆ. ಸವೆದ ಜಾಗವೂ ಸುತ್ತಲಿನ ಮೈಯೂ ಒಂದೇ ಬಣ್ಣದಲ್ಲಿದ್ದು, ಗೆರೆ ಬಿದ್ದಲ್ಲಿ, ಹಲ್ಲು ಮೊಂಡಾದಲ್ಲಿ ಕೂಡ ಬಣ್ಣ ಬದಲಾಗದಿದ್ದರೆ ನಿಜ ಬೆಳ್ಳಿ ಇರಬಹುದು ಎಂದು ಮುಂದಿನ ಪರೀಕ್ಷೆಗೆ ಎತ್ತಿಡಿ.

ಇಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಬರುತ್ತದೆ. ಬೆಳ್ಳಿ ಕಪ್ಪಾಗುವ ಮೊದಲು ಹೊಂಬಣ್ಣಕ್ಕೆ, ಆಮೇಲೆ ಕಂದು, ನೀಲಿಗೆ ತಿರುಗುತ್ತದೆ. ಆ ಹೊಂಬಣ್ಣವನ್ನು ಹಿತ್ತಾಳೆ ಎಂದುಕೊಳ್ಳುವುದು ಸುಲಭ. ಮಾಸಿದ ಬಣ್ಣ ಕೈ ತಗಲದ ಮೂಲೆಗಳಲ್ಲಿ, ಕೆತ್ತನೆಯ ಗುಳಿಗಳಲ್ಲಿ ಹೆಚ್ಚು. ಸವೆತದ ಬಣ್ಣ ಉಬ್ಬಿದ ಕಡೆ, ಕೈಯೂ ಮೇಜೂ ತಗಲುವ ಕಡೆ ಹೆಚ್ಚು. ಜಾಗ ನೋಡಿದರೆ ಗೊಂದಲ ಬಗೆಹರಿಯುತ್ತದೆ.

ಹೆಸರು ಕೆತ್ತಿದ ಪಾತ್ರೆಯಾದರೆ ಇನ್ನೂ ಒಳ್ಳೆಯದು. ಲೇಪನ ಮುಗಿದ ಮೇಲೆ ಕೆತ್ತಿದ್ದರೆ ಉಳಿ ಬೆಳ್ಳಿಯ ಪದರ ಸೀಳಿ ಒಳಗಿನ ಲೋಹ ತಾಗಿರುತ್ತದೆ. ಭೂತಗನ್ನಡಿ ಹಿಡಿದು ಅಕ್ಷರದ ಗೆರೆಯ ಒಳಗೆ ನೋಡಿ, ಸವೆತವೇ ಇಲ್ಲದ ಟ್ರೇ ಕೂಡ ಅಲ್ಲಿ ತನ್ನ ಒಡಲಿನ ಬಣ್ಣ ಬಿಟ್ಟುಕೊಡುತ್ತದೆ.

ಕೆಂಪು ಕಂಡರೆ ಅವಸರ ಬೇಡ

ತಾಮ್ರ ಕಂಡ ಪಾತ್ರೆಗೆ ಹೆಚ್ಚು ಹೊತ್ತು ಕೊಡಿ. ಅದು ವಿದ್ಯುತ್ ಲೇಪನದ ಸಾದಾ ಪಾತ್ರೆಯೂ ಆಗಿರಬಹುದು, ಹಳೆಯ ಶೆಫೀಲ್ಡ್ ಪ್ಲೇಟೂ ಆಗಿರಬಹುದು. ಎರಡರ ನಡುವೆ ಬಹಳ ಅಂತರವಿದೆ.

ಶೆಫೀಲ್ಡ್ ಪ್ಲೇಟನ್ನು ಕಂಡುಹಿಡಿದದ್ದು ಇಂಗ್ಲೆಂಡಿನ ಶೆಫೀಲ್ಡಿನ ಥಾಮಸ್ ಬೋಲ್ಸೋವರ್, 1740ರ ದಶಕದ ಆರಂಭದಲ್ಲಿ. ತಾಮ್ರದ ಗಟ್ಟಿಯ ಮೇಲೆ ಬೆಳ್ಳಿಯ ಹಾಳೆ ಇಟ್ಟು ಕಾಸಿ ಬೆಸೆದು, ಎರಡನ್ನೂ ಒಟ್ಟಿಗೆ ಉರುಳೆಯಲ್ಲಿ ಒತ್ತಿ ತಗಡು ಮಾಡುತ್ತಿದ್ದರು. ಪಾತ್ರೆ ಮಾಡುತ್ತಿದ್ದುದು ಆ ತಗಡಿನಿಂದ. ವಿದ್ಯುತ್ ಲೇಪನದಲ್ಲಿ ಪಾತ್ರೆ ಮೊದಲು ತಯಾರಾಗಿ ಬೆಳ್ಳಿ ಕೊನೆಗೆ ಬರುತ್ತದೆ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್‌ನವರು ಇದಕ್ಕೆ 1840ರಲ್ಲಿ ಪೇಟೆಂಟ್ ಪಡೆದ ಮೇಲೆ ಹತ್ತು ಹದಿನೈದು ವರ್ಷದೊಳಗೆ ಹಳೆಯ ಪದ್ಧತಿ ಹೆಚ್ಚುಕಡಿಮೆ ನಿಂತೇಹೋಯಿತು. ಮುದ್ರೆ ಯಾಕಿಲ್ಲ ಎಂಬುದಕ್ಕೂ ಇಲ್ಲಿ ಕಾರಣ ಸಿಗುತ್ತದೆ: ಬೆಳ್ಳಿ ಎಂದು ಜನ ಮೋಸಹೋಗಬಾರದೆಂದು 1773ರಲ್ಲಿ ಲೇಪನದ ಸಾಮಾನಿಗೆ ಮುದ್ರೆ ಒತ್ತುವುದನ್ನೇ ನಿಷೇಧಿಸಿದರು. 1784ರಲ್ಲಿ ಶೆಫೀಲ್ಡ್ ಸುತ್ತಿನ ತಯಾರಕರು ತಮ್ಮ ಹೆಸರು ಹಾಕಬಹುದು ಎಂದಾಯಿತು. ಆದರೂ ಹಾಕದೆ ಬಿಟ್ಟವರು ಬಹಳ. ಆದ್ದರಿಂದ ಕೆಂಪು ಕಾಣುವ, ಮುದ್ರೆಯಿಲ್ಲದ ಪಾತ್ರೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ತಗಡಿನಿಂದ ಪಾತ್ರೆ ಮಾಡುವಾಗ ಕತ್ತರಿಸಿದ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಕಾಣಲೇಬೇಕು. ಅದನ್ನು ಮುಚ್ಚಲು ಅಂಚನ್ನು ಒಳಕ್ಕೆ ಮಡಚುತ್ತಿದ್ದರು, ಇಲ್ಲವೇ ಬೆಳ್ಳಿಯ ತಂತಿಯನ್ನು ಅಂಚಿನುದ್ದಕ್ಕೂ ಬೆಸೆಯುತ್ತಿದ್ದರು. ಟ್ರೇಯ ಅಂಚಿನ ಕೆಳಗೆ ಉಗುರನ್ನು ಒಳಗಿನಿಂದ ಹೊರಕ್ಕೆ ಎಳೆಯಿರಿ. ಎಲ್ಲಿಯಾದರೂ ಉಗುರು ಸಣ್ಣಗೆ ತಡೆದರೆ ಅದು ಮಡಿಕೆಯ ತುಟಿ. ವಿದ್ಯುತ್ ಲೇಪನದಲ್ಲಿ ಈ ತುಟಿಯ ಅಗತ್ಯವೇ ಇಲ್ಲ, ಸಾಮಾನ್ಯವಾಗಿ ಉಗುರು ನುಣ್ಣಗೆ ಜಾರುತ್ತದೆ. ಟೀಪಾಟು, ಜಗ್ಗುಗಳಲ್ಲಿ ಒಳಗೆ ಟಾರ್ಚು ಬಿಟ್ಟು ಹಿಡಿಯ ಕಡೆಯ ಗೋಡೆ ನೋಡಿ. ತಗಡನ್ನು ಸುತ್ತಿ ಸೇರಿಸಿದ ಉದ್ದನೆಯ ಜೋಡಣೆಯ ಗೆರೆ ಅಲ್ಲಿರುತ್ತದೆ. ಒಳಮೈಗೆ ಕಲಾಯಿ ಹಾಕಿದ್ದರೆ ಅದೂ ಒಂದು ಸಾಕ್ಷಿ, ನಮ್ಮ ಹಳೆಯ ತಾಮ್ರದ ಪಾತ್ರೆಗಳ ಕಲಾಯಿ ಕಂಡವರಿಗೆ ಆ ಮಂಕು ಬಿಳುಪು ತಕ್ಷಣ ಗೊತ್ತಾಗುತ್ತದೆ.

ಅಲಂಕಾರದ ಅಂಚುಪಟ್ಟಿಯನ್ನು ತಪ್ಪದೆ ನೋಡಿ. ಶೆಫೀಲ್ಡ್ ಕೆಲಸದಲ್ಲಿ ಹೂಬಳ್ಳಿಯ ಪಟ್ಟಿಗಳನ್ನು ತೆಳುವಾದ ಬೆಳ್ಳಿಯ ತಗಡಿನಲ್ಲಿ ಅಚ್ಚೊತ್ತಿ, ಹಿಂದೆ ಸೀಸ ತವರದ ಬೆಸುಗೆ ತುಂಬಿ ಕೂರಿಸುತ್ತಿದ್ದರು. ಸವೆದಾಗ ಮೈಯಲ್ಲಿ ಕೆಂಪು ಕಾಣುತ್ತದೆ, ಪಟ್ಟಿಯ ಉಬ್ಬಿನಲ್ಲಿ ಮಾತ್ರ ಸೀಸದ ಬೂದು ಕಾಣುತ್ತದೆ. ಒಂದೇ ಪಾತ್ರೆಯಲ್ಲಿ ಈ ಎರಡು ಬಣ್ಣದ ಸವೆತ ಸಿಕ್ಕರೆ ಅದು ಬಹಳ ಗಟ್ಟಿಯಾದ ಗುರುತು. ಹಾಗೆಯೇ ಹೆಸರು ಅಥವಾ ಲಾಂಛನ ಕೆತ್ತಿರುವ ಕಡೆ ಬಾಯಿಂದ ಬಿಸಿ ಉಸಿರು ಬಿಟ್ಟು ಮಂಜು ಕೂರಿಸಿ. ಕೆತ್ತನೆಯ ಸುತ್ತ ಒಂದು ಚೌಕವೋ ಗುಂಡಗಿನ ಗೆರೆಯೋ ಕ್ಷಣಹೊತ್ತು ಮೂಡಿದರೆ, ಕೆತ್ತುವಾಗ ತಾಮ್ರ ಕಾಣದಿರಲೆಂದು ಅಲ್ಲಿ ದಪ್ಪ ಬೆಳ್ಳಿಯ ತುಣುಕು ಕೂರಿಸಿದ್ದಾರೆ ಎಂದರ್ಥ. ಶ್ರದ್ಧೆಯಿಂದ ಮಾಡಿದ ಕೆಲಸ ಅದು. ಮಾಡಿದವರ ಹೆಸರು ಸಿಗದೇ ಹೋದರೂ ಕೈ ಎಂಥದು ಎಂದು ತಿಳಿಯುತ್ತದೆ.

ಬರೀ ಕೆಂಪು ಕಂಡಿತೆಂದು ಶೆಫೀಲ್ಡ್ ಎಂದು ತೀರ್ಮಾನಿಸಬೇಡಿ. ತಾಮ್ರದ ಮೇಲೆ ವಿದ್ಯುತ್ ಲೇಪನ ಹಾಕಿದ ಪಾತ್ರೆಗಳು ಇಪ್ಪತ್ತನೇ ಶತಮಾನದಲ್ಲೂ ಬೇಕಾದಷ್ಟು ಬಂದಿವೆ. ತುಟಿ, ಜೋಡಣೆ, ಕಲಾಯಿ, ಬೂದು ಉಬ್ಬು ಇವುಗಳಲ್ಲಿ ಕನಿಷ್ಠ ಎರಡಾದರೂ ಕೆಂಪಿನ ಜೊತೆ ಸಿಗಬೇಕು.

ಮಂಕು ಬೂದು: ಒಲೆಯ ಹತ್ತಿರ ಬಿಡಬೇಡಿ

ಬ್ರಿಟಾನಿಯಾ ಲೋಹದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ತವರ, ಉಳಿದದ್ದು ಆಂಟಿಮನಿ, ಸ್ವಲ್ಪ ತಾಮ್ರ. ಇದರಲ್ಲಿ ಹೆಚ್ಚಾಗಿ ಟೀಪಾಟು, ಹಾಲಿನ ಜಗ್ಗು, ಸಕ್ಕರೆ ಬಟ್ಟಲುಗಳನ್ನು ಮಾಡಿದರು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ದೊಬ್ಬೆಂದು ಸತ್ತ ಸದ್ದು. ಅಂಚು ನೆಗ್ಗಿರುತ್ತದೆ, ಕಾಲುಗಳು ಒಳಕ್ಕೆ ಕುಸಿದಿರುತ್ತವೆ. ಕಿಲುಬು ಎಲ್ಲೂ ಇರುವುದಿಲ್ಲ.

ಸಿದ್ದಾಪುರ ಕಡೆಯ ತೋಟದಮನೆಯೊಂದರ ಟೀ ಸೆಟ್ಟು ಇದನ್ನು ಚೆನ್ನಾಗಿ ತೋರಿಸುತ್ತದೆ. ಮನೆಯ ಅತ್ತೆ ಮೂರೂ ಒಂದೇ ಜೊತೆ ಎಂದು ನಂಬಿದ್ದರು, ಹೊರಗಿನ ಕೆತ್ತನೆಯೂ ಹತ್ತಿರಹತ್ತಿರ ಒಂದೇ ಥರ. ಸಕ್ಕರೆ ಬಟ್ಟಲಿನ ಹಿಡಿಯ ಸಂದಿಯಲ್ಲಿ ಹಸಿರು ಕಿಲುಬಿತ್ತು, ಕಾಲಿನ ಅಡಿ ಹಳದಿ ಬಿಳುಪು. ಟೀಪಾಟಿನಲ್ಲಿ ಕಿಲುಬಿನ ಸುಳಿವಿಲ್ಲ, ಮುಚ್ಚಳದ ಗುಬುಟು ಪೆನ್ಸಿಲ್ ಗೀಚಿದಂಥ ಬೂದು, ತಳದ ಒಂದು ಮಗ್ಗುಲು ಮೇಣದಂತೆ ಇಳಿದು ಗಟ್ಟಿಯಾಗಿತ್ತು. “ಆರಿದ ಟೀಯನ್ನು ಒಲೆ ಬದಿಯಲ್ಲಿ ಬಿಸಿಗಿಡ್ತಿದ್ವು ಮಗಾ,” ಎಂದರು ಅತ್ತೆ. ಬಟ್ಟಲೂ ಜಗ್ಗೂ ಜರ್ಮನ್ ಸಿಲ್ವರಿನವು, ಪಾಟು ಬ್ರಿಟಾನಿಯಾ. ಈ ಲೋಹ ಸುಮಾರು 250 ಡಿಗ್ರಿಗೆ ಕರಗಲು ತೊಡಗುತ್ತದೆ, ಸೌದೆ ಒಲೆಯ ಕೆಂಡ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಹೀಗಾಗಿ ಹಿಡಿ ಕಿತ್ತ ಬ್ರಿಟಾನಿಯಾ ಪಾತ್ರೆಯನ್ನು ಬೆಸುಗೆಗೆ ಕೊಡುವಾಗ ಇದು ತವರದ್ದು ಎಂದು ಬಾಯಿಬಿಟ್ಟು ಹೇಳಿ. ಬೆಳ್ಳಿ ಎಂದುಕೊಂಡು ಊದುಬೆಂಕಿ ಹಿಡಿದರೆ ಕ್ಷಣದಲ್ಲಿ ತೂತು.

ತಕ್ಕಡಿ ಮತ್ತು ನೀರು

ಸವೆತ ಏನೂ ಹೇಳದ ಗಟ್ಟಿ ಸಾಮಾನಿಗೆ, ಮುಖ್ಯವಾಗಿ ಚಮಚ, ಫೋರ್ಕಿಗೆ, ಮನೆಯಲ್ಲೇ ಮಾಡಬಹುದಾದ ನಂಬಿಕಸ್ಥ ಪರೀಕ್ಷೆ ಇದು. 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಒಣ ಚಮಚವನ್ನು ತೂಗಿ ಬರೆದುಕೊಳ್ಳಿ. ಆಮೇಲೆ ಒಂದು ಉದ್ದ ಲೋಟದಲ್ಲಿ ನೀರಿಟ್ಟು ತಕ್ಕಡಿಯ ಮೇಲಿರಿಸಿ ಸೊನ್ನೆಗೆ ತನ್ನಿ. ಚಮಚವನ್ನು ತೆಳು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗುವಂತೆ, ತಳಕ್ಕೂ ಗೋಡೆಗೂ ತಾಗದಂತೆ ಕೈಯಲ್ಲೇ ತೂಗುಬಿಡಿ. ಗುಳ್ಳೆ ಅಂಟಿದ್ದರೆ ಅಲುಗಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಚಮಚದ ಗಾತ್ರ ಅಷ್ಟು ಮಿಲಿಲೀಟರ್. ಒಣ ತೂಕವನ್ನು ಇದರಿಂದ ಭಾಗಿಸಿ.

ಉದಾಹರಣೆಗೆ ಚಮಚ 62 ಗ್ರಾಂ, ನೀರಿನಲ್ಲಿ 7.1 ಬಂತು ಎಂದಿಟ್ಟುಕೊಳ್ಳಿ. ಭಾಗಿಸಿದರೆ ಸುಮಾರು 8.7, ಅಂದರೆ ಜರ್ಮನ್ ಸಿಲ್ವರ್. ಅದೇ ತೂಕದ ಚಮಚ ಸ್ಟರ್ಲಿಂಗ್ ಬೆಳ್ಳಿಯದಾಗಿದ್ದರೆ (ನೂರಕ್ಕೆ 92.5 ಬೆಳ್ಳಿ ಇರುವುದು) ನೀರಿನಲ್ಲಿ ಬರಬೇಕಾದದ್ದು 6.0. ಶುದ್ಧ ಬೆಳ್ಳಿಯ ಸಾಂದ್ರತೆ 10.5, ಸ್ಟರ್ಲಿಂಗಿನದು 10.4ರ ಹತ್ತಿರ, ನೂರಕ್ಕೆ 80 ಬೆಳ್ಳಿ ಇದ್ದು ಉಳಿದದ್ದು ತಾಮ್ರವಾಗಿದ್ದರೆ 10.1. ತಾಮ್ರ 9, ಹಿತ್ತಾಳೆ 8.5, ಉಕ್ಕು 7.8, ಬ್ರಿಟಾನಿಯಾ 7.3ರ ಆಸುಪಾಸು. ಹತ್ತು ದಾಟಿತೆಂದರೆ ಲೇಪನದ ಮಾತು ಬಿಡಿ, ನಿಮ್ಮ ಕೈಯಲ್ಲಿರುವುದು ಬೆಳ್ಳಿ. ತಕ್ಕಡಿ ಒರಟಾಗಿದ್ದರೆ ಒಂದೇ ಬಗೆಯ ಆರು ಚಮಚಗಳನ್ನು ಒಟ್ಟಿಗೆ ಕಟ್ಟಿ ತೂಗಿ, ಏರುಪೇರು ಕಡಿಮೆಯಾಗುತ್ತದೆ.

ಟೊಳ್ಳು ಹಿಡಿಯ ಚಾಕುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅವುಗಳೊಳಗೆ ಅರಗಿನಂಥ ಪದಾರ್ಥ ತುಂಬಿರುತ್ತದೆ. ನೀರಲ್ಲಿ ನೆನೆಸಲೂ ಬಾರದು, ಬಿಸಿನೀರು ತಗಲಿದರೆ ಅಲಗು ಸಡಿಲವಾಗುತ್ತದೆ. ಚಾಕುವಿನ ಕಾಲ ತಿಳಿಯಲು ಅಲಗು ನೋಡಿ: ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ್ದು 1913ರಲ್ಲಿ. ಅಲಗು ಸ್ಟೇನ್‌ಲೆಸ್ ಆಗಿದ್ದರೆ, ನಂತರ ಬದಲಿಸಿದ್ದಲ್ಲದಿದ್ದರೆ, ಚಾಕು ಅದಕ್ಕಿಂತ ಹಳೆಯದಲ್ಲ.

ನೆಚ್ಚಿಕೊಳ್ಳಬಾರದ ಪರೀಕ್ಷೆಗಳು

ಅಯಸ್ಕಾಂತ ಅಂಟಲಿಲ್ಲ, ಆದ್ದರಿಂದ ಬೆಳ್ಳಿ ಎನ್ನುವ ಮಾತು ಎಲ್ಲೆಡೆ ಕೇಳುತ್ತದೆ. ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್, ಬ್ರಿಟಾನಿಯಾ ಯಾವುದಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಅಂಟಿದರೆ ಒಳಗೆ ಉಕ್ಕಿದೆ ಎಂದಷ್ಟೇ ತಿಳಿಯಬೇಕು. ಮಂಜುಗಡ್ಡೆ ಇಟ್ಟು ಬೇಗ ಕರಗಿತೆಂದು ಬೆಳ್ಳಿ ಎನ್ನುವುದೂ ಹಾಗೆಯೇ. ಶಾಖ ಹರಿಸುವುದರಲ್ಲಿ ತಾಮ್ರ ಬೆಳ್ಳಿಗಿಂತ ಕೂದಲೆಳೆಯಷ್ಟು ಹಿಂದೆ, ತಾಮ್ರದ ಒಡಲಿನ ಪಾತ್ರೆ ಈ ಪರೀಕ್ಷೆಯನ್ನು ಲೀಲಾಜಾಲವಾಗಿ ದಾಟುತ್ತದೆ. ನೈಟ್ರಿಕ್ ಆಮ್ಲದ ಹನಿಯೂ ಒರೆಗಲ್ಲೂ ಮೇಲ್ಪದರವನ್ನೇ ಓದುವುದರಿಂದ ಲೇಪನವನ್ನು ಬೆಳ್ಳಿ ಎಂದೇ ಹೇಳುತ್ತವೆ. ಸರಿಯಾದ ಉತ್ತರ ಬೇಕಿದ್ದರೆ ಆಳವಾಗಿ ಗೀರಬೇಕು, ಆ ಗೀರು ಮತ್ತೆ ಮಾಯುವುದಿಲ್ಲ. ಆಮ್ಲವನ್ನಂತೂ ಅಡುಗೆಮನೆಯಲ್ಲಿ ಮುಟ್ಟಲೇಬೇಡಿ.

ಅನುಮಾನ ಉಳಿದರೆ ಮೈಸೂರಿನ ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ, ದೊಡ್ಡ ಆಭರಣದಂಗಡಿಗಳಲ್ಲಿ ಇರುವ ಎಕ್ಸ್‌ರೇ ಯಂತ್ರ ಒಳ್ಳೆಯ ದಾರಿ, ಗೀರು ಬೀಳುವುದಿಲ್ಲ. ಅದು ಕೂಡ ನೋಡುವುದು ಮೇಲಿನ ಕೆಲವೇ ಮೈಕ್ರಾನುಗಳನ್ನು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಆದ್ದರಿಂದ ಎರಡು ಕಡೆ ನೋಡಲು ಕೇಳಿ: ಒಮ್ಮೆ ಚೆನ್ನಾಗಿ ಉಳಿದ ಮೈಯಲ್ಲಿ, ಇನ್ನೊಮ್ಮೆ ಸವೆದ ಮಚ್ಚೆಯ ಮೇಲೆ. ಬೆಳ್ಳಿಯ ಶೇಕಡಾ ಮಾತ್ರ ಬರೆಸಿಕೊಂಡು ಬರಬೇಡಿ, ನಿಕ್ಕಲ್, ಸತು, ತವರ ಎಷ್ಟಿದೆ ಎಂದೂ ಕೇಳಿ. ನಿಕ್ಕಲ್ ಜೊತೆ ಸತುವೂ ಬಂದರೆ ಜರ್ಮನ್ ಸಿಲ್ವರ್, ತವರದ ಜೊತೆ ಆಂಟಿಮನಿ ಬಂದರೆ ಬ್ರಿಟಾನಿಯಾ.

ಕಪ್ಪು, ಹಸಿರು, ಗುಳ್ಳೆ

ಮಳೆಗಾಲದಲ್ಲಿ ಪಾತ್ರೆ ಬೇಗ ಕಪ್ಪಾದರೆ ಅದು ಬೆಳ್ಳಿಯ ದೋಷವಲ್ಲ. ಗಂಧಕವುಳ್ಳ ಗಾಳಿ, ಮೊಟ್ಟೆ, ಉಣ್ಣೆ, ರಬ್ಬರ್ ಬ್ಯಾಂಡು ಇವೆಲ್ಲ ಬೆಳ್ಳಿಯನ್ನು ಕಪ್ಪು ಮಾಡುತ್ತವೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ತೇವ ಅದನ್ನು ಚುರುಕುಗೊಳಿಸುತ್ತದೆ. ಒಂದೇ ಪಾತ್ರೆಯಲ್ಲಿ ಸುತ್ತಲೂ ಕಪ್ಪಾಗಿ ಒಂದು ಮಚ್ಚೆ ಮಾತ್ರ ಕಪ್ಪಾಗದೆ ಮಂಕಾಗಿ ಉಳಿದರೆ ಅಲ್ಲಿ ಬೆಳ್ಳಿ ಮುಗಿದಿದೆ. ಸೂಜಿಮೊನೆಯಷ್ಟು ಹಸಿರು ಚುಕ್ಕೆಗಳಿದ್ದರೆ ಲೇಪನದಲ್ಲಿ ರಂಧ್ರಗಳಿವೆ, ಒಡಲಿನಲ್ಲಿ ತಾಮ್ರವಿದೆ. ಪದರ ಗುಳ್ಳೆಯೆದ್ದು ಸಿಪ್ಪೆಯಂತೆ ಕಿತ್ತುಬರುವುದು ವಿದ್ಯುತ್ ಲೇಪನದ ಲಕ್ಷಣ, ಸಾಮಾನ್ಯವಾಗಿ ಮೈ ಸರಿಯಾಗಿ ತೊಳೆಯದೆ ಲೇಪಿಸಿದ್ದು. ಶೆಫೀಲ್ಡ್ ಪ್ಲೇಟು ಸವೆಯುತ್ತದೆ, ಹೀಗೆ ಸುಲಿಯುವುದು ಅಪರೂಪ. ಗುಳ್ಳೆಯ ಕೆಳಗೆ ತುಕ್ಕಿದ್ದು ಅಯಸ್ಕಾಂತವೂ ಅಂಟಿದರೆ ಉಕ್ಕಿನ ಮೇಲೆ ಬೆಳ್ಳಿ ಹಾಳೆ ಅಂಟಿಸಿದ ಹಳೆಯ ಕೆಲಸ, ಇದನ್ನು ಹಣ್ಣಿನ ಚಾಕು, ದೀಪದ ಕತ್ತರಿಗಳಲ್ಲಿ ಕಾಣಬಹುದು.

ಲೋಹ ತಿಳಿದ ಮೇಲೆ

ತಾಮ್ರ ಅಥವಾ ಹಿತ್ತಾಳೆ ಕಾಣುವ ಪಾತ್ರೆಯಲ್ಲಿ ಹುಳಿ ಇಡಬೇಡಿ. ಕಾಚಂಪುಳಿ ಹಾಕಿದ ಪಂದಿಕರಿ, ನಿಂಬೆ ಉಪ್ಪಿನಕಾಯಿ, ಮೊಸರು ಯಾವುದೂ ಆಗದು. ಜರ್ಮನ್ ಸಿಲ್ವರಿನ ಚಮಚ ಸವೆದಿದ್ದು ದಿನಬಳಕೆಗೆ ಬೇಕೆಂದಿದ್ದರೆ ಮರುಲೇಪನ ಮಾಡಿಸಬಹುದು. ಶೆಫೀಲ್ಡ್ ಪ್ಲೇಟಿಗೆ ಮಾತ್ರ ಖಂಡಿತ ಬೇಡ, ಹೊಸ ಲೇಪನದ ಅಡಿಯಲ್ಲಿ ಅಂಚು, ಜೋಡಣೆ, ಕೆಂಪು ಎಲ್ಲವೂ ಮುಚ್ಚಿಹೋಗಿ ಅದರ ವಯಸ್ಸಿನ ಸಾಕ್ಷಿಯೇ ಇಲ್ಲವಾಗುತ್ತದೆ. ಅಡಿಗೆ ಸೋಡಾ, ಅಲ್ಯೂಮಿನಿಯಂ ಹಾಳೆಯ ಬಿಸಿನೀರಿನ ಉಪಾಯ ಗಟ್ಟಿ ಬೆಳ್ಳಿಗೆ ಸರಿ, ಬ್ರಿಟಾನಿಯಾಕ್ಕೂ ಅರಗು ತುಂಬಿದ ಹಿಡಿಗೂ ಸಲ್ಲ.

ಗುಜರಿಗೆ ಹಾಕುವ ಯೋಚನೆ ಇದ್ದರೆ ಈ ಲೆಕ್ಕ ನೋಡಿ. 100 ಚದರ ಸೆಂಟಿಮೀಟರ್ ಮೈಯ ಚಮಚಕ್ಕೆ 25 ಮೈಕ್ರಾನ್ ದಪ್ಪದ ಲೇಪನವಿದ್ದರೆ ಅದರಲ್ಲಿರುವ ಬೆಳ್ಳಿ ಸುಮಾರು 2.6 ಗ್ರಾಂ. ಅಷ್ಟನ್ನು ಬಿಡಿಸಿ ತೆಗೆಯುವ ಖರ್ಚು ಕಳೆದರೆ ಮಾರುವವರ ಕೈಗೆ ಬರುವುದು ಅಲ್ಪ. ಇಟ್ಟುಕೊಳ್ಳುವುದಾದರೆ ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ಹೊಗೆ ತಗಲದ ಕೋಣೆಯಲ್ಲಿಡಿ, ಮಳೆ ಮುಗಿದ ಮೇಲೆ ಒಮ್ಮೆ ಬಿಚ್ಚಿ ನೋಡಿ. ಜೊತೆಗೆ ಒಂದು ಚೀಟಿ: ಯಾವ ಲೋಹ, ಎಲ್ಲಿ ಸವೆದಿದೆ, ಎಷ್ಟು ತೂಕ, ಯಾರ ಕಡೆಯಿಂದ ಬಂತು. ಪೆನ್ಸಿಲಿನಲ್ಲಿ ಬರೆಯಿರಿ, ತೇವಕ್ಕೆ ಶಾಯಿ ಹರಡುತ್ತದೆ.